ಬಾನೆಟ್ಟಿನ ಅಡಿಯಲ್ಲೊಂದು ಚರಿತ್ರೆ

ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು ಚೆಟ್ಟಳ್ಳಿ. ಸುತ್ತ ಕಾಫಿ ತೋಟಗಳು, ನಡುವೆ ಕಿತ್ತಳೆ, ಮರಕ್ಕೆ ಹಬ್ಬಿದ ಕಾಳುಮೆಣಸು. ಮಳೆಗಾಲದಲ್ಲಿ ಎಡೆಬಿಡದ ಮಳೆ, ಕತ್ತಲಾದರೆ ಕಾಡಾನೆಗಳ ಭಯ. ಬಯಲಿನಲ್ಲಿ ಯಾವ ತಕರಾರೂ ಇಲ್ಲದೆ ಓಡಿದ ಕಾರು ಇಂತಹ ರಸ್ತೆಯ ಏರು ತಿರುವಿನಲ್ಲಿ ತನ್ನ ನಿಜವಾದ ಆರೋಗ್ಯವೇನೆಂದು ಬಾಯಿಬಿಟ್ಟು ಹೇಳಿಬಿಡುತ್ತದೆ. ಮೂರನೇ ಗೇರಿನಲ್ಲಿ ಹತ್ತಬೇಕಾದದ್ದು ಎರಡಕ್ಕಿಳಿಯುತ್ತದೆ, ಆಮೇಲೆ ಒಂದಕ್ಕೆ. ಕೊನೆಗೆ ಒಂದೆರಡು ಸಲ ಕೆಮ್ಮಿ ನಿಂತೇಬಿಡುತ್ತದೆ. ಆನೆ ದಾಟುವ ಜಾಗದಲ್ಲಿ ರಾತ್ರಿ ಒಂಬತ್ತಕ್ಕೆ ಗಾಡಿ ಕೈಕೊಟ್ಟರೆ ಅದು ತಮಾಷೆಯ ವಿಷಯವಲ್ಲ.

ಕಾಫಿ ಗಿಡಕ್ಕೆ ರೋಗ ಬಂದರೆ ನೋಡಲು ಚೆಟ್ಟಳ್ಳಿಯಲ್ಲೇ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವಿದೆ. ಹಣ್ಣಿನ ಗಿಡಗಳಿಗೆ ಕೇಂದ್ರ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ. ಅಲ್ಲಿನ ವಿಜ್ಞಾನಿಗಳು ಕಂಡುಕೊಂಡದ್ದೆಲ್ಲ ವರದಿಗಳಲ್ಲಿ ದಾಖಲಾಗಿದೆ. ಆದರೆ ಈ ತೋಟಗಳ ಫಸಲನ್ನು ಹೊತ್ತು ಸಾಗಿಸಿದ ಜೀಪು, ಲಾರಿ, ಕಾರುಗಳ ರೋಗ ಹುಡುಕಿದವರು ಯಾರು? ಅವರು ಏನನ್ನು, ಹೇಗೆ ಕಂಡುಕೊಂಡರು? ಕೊಡಗಿನ ಚರಿತ್ರೆ ಬರೆದವರು ಅರಸರ ಬಗ್ಗೆ ಬರೆದರು, 1834ರಲ್ಲಿ ಬ್ರಿಟಿಷರು ರಾಜ್ಯವನ್ನು ಕಿತ್ತುಕೊಂಡದ್ದನ್ನು ಬರೆದರು, ಕಾಫಿಯ ಬಗ್ಗೆ, ಸೈನಿಕರ ಬಗ್ಗೆ ಬರೆದರು. ಬಾನೆಟ್ ಎತ್ತಿ ಒಳಗೆ ತಲೆ ತೂರಿಸಿದವನ ಬಗ್ಗೆ ಬರೆಯಬೇಕೆಂದು ಯಾರಿಗೂ ಅನಿಸಲಿಲ್ಲ. ರೈಲು ಹಳಿಯೇ ಇಲ್ಲದ, ಎಲ್ಲವೂ ರಸ್ತೆಯ ಮೇಲೆಯೇ ಸಾಗಬೇಕಾದ ಜಿಲ್ಲೆಯಲ್ಲಿ ಇದೊಂದು ಸಣ್ಣ ಲೋಪವೇನಲ್ಲ.

ಮೊದಲು ಬೆಟ್ಟ ಎಂಜಿನ್ನಿಗೆ ಏನು ಮಾಡುತ್ತದೆ ಎಂಬುದನ್ನು ನೋಡೋಣ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಕ್ಕೆ ಹೋದರೆ ಗಾಳಿಯ ಒತ್ತಡ ನೂರಕ್ಕೆ ಸುಮಾರು 11ರಷ್ಟು ಕಡಿಮೆಯಾಗುತ್ತದೆ. ಮಡಿಕೇರಿ ಅದಕ್ಕಿಂತಲೂ ಎತ್ತರದಲ್ಲಿದೆ. ಎಂಜಿನ್ ಪ್ರತಿ ಉಸಿರಿನಲ್ಲೂ ಎಳೆದುಕೊಳ್ಳುವ ಗಾಳಿ ತೆಳುವಾಗುತ್ತದೆ. ಆದರೆ ಹಳೆಯ ಕಾರ್ಬುರೇಟರಿಗೆ ಅದು ಗೊತ್ತಾಗುವುದಿಲ್ಲ. ಕರಾವಳಿಯಲ್ಲಿ ಕೊಟ್ಟಷ್ಟೇ ಧಾರಾಳವಾಗಿ ಪೆಟ್ರೋಲ್ ಕೊಡುತ್ತಾ ಹೋಗುತ್ತದೆ. ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು. ಪರಿಣಾಮವಾಗಿ ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್ಗು, ಕುಂದಿದ ಶಕ್ತಿ. ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ ಬಂದ ಅಂಬಾಸಿಡರು ಮಡಿಕೇರಿ ಮುಟ್ಟುವಾಗ ಸುಸ್ತಾಗುತ್ತಿದ್ದುದಕ್ಕೆ ಏರು ಮಾತ್ರ ಕಾರಣವಾಗಿರಲಿಲ್ಲ. ಅದು ಉಸಿರಾಡುತ್ತಿದ್ದ ಗಾಳಿಯೇ ಬೇರೆಯಾಗಿತ್ತು.

ಕೊಡಗಿನ ತೋಟಗಳಿಗೂ ಜೀಪಿಗೂ ಇರುವ ನಂಟಿನ ಹಿಂದೆ ಎರಡನೇ ಮಹಾಯುದ್ಧವಿದೆ. 1941ರಲ್ಲಿ ಅಮೆರಿಕದ ಸೇನೆಗಾಗಿ ತಯಾರಾದ ವಿಲ್ಲೀಸ್ ಜೀಪಿನ ಎಂಜಿನ್ 2.2 ಲೀಟರಿನದ್ದು, 60 ಅಶ್ವಶಕ್ತಿಯದ್ದು. ಅದರ ಕಂಪ್ರೆಶನ್ ಅನುಪಾತ ಆರೂವರೆಯಷ್ಟೇ ಇದ್ದುದರಿಂದ ಎಂತಹ ಕಳಪೆ ಪೆಟ್ರೋಲನ್ನೂ ಜೀರ್ಣಿಸಿಕೊಳ್ಳುತ್ತಿತ್ತು. ಇಲ್ಲಿ ಸ್ವಾರಸ್ಯಕರವಾದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಭಾರತದಲ್ಲಿ ಈ ಜೀಪನ್ನು ಜೋಡಿಸಿ ಮಾರಿದ ಕಂಪೆನಿಯ ಮೊದಲ ಹೆಸರು 'ಮಹೀಂದ್ರ ಆಂಡ್ ಮೊಹಮ್ಮದ್'. 1945ರಲ್ಲಿ ಮಹೀಂದ್ರ ಸಹೋದರರ ಜೊತೆ ಅದನ್ನು ಕಟ್ಟಿದ ಮಲಿಕ್ ಗುಲಾಮ್ ಮುಹಮ್ಮದ್, ದೇಶ ವಿಭಜನೆಯ ಬಳಿಕ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪೆನಿಯ ಹೆಸರು 'ಮಹೀಂದ್ರ ಆಂಡ್ ಮಹೀಂದ್ರ' ಎಂದಾಯಿತು. ದೇಶ ಇಬ್ಭಾಗವಾದದ್ದು ಜೀಪಿನ ನಾಮಫಲಕದ ಮೇಲೂ ಹೀಗೆ ಕಾಣಿಸಿಕೊಂಡಿತು.

ಕೆಟ್ಟ ಗಾಡಿಯ ದೋಷ ಹುಡುಕುವ ಶಿಸ್ತನ್ನು ಕಲಿಸಿದ ಶಾಲೆಗಳಲ್ಲಿ ಸೇನೆಯೂ ಒಂದು. ಯಂತ್ರಗಳ ದುರಸ್ತಿಗೆಂದೇ 1943ರಲ್ಲಿ ಸ್ಥಾಪನೆಯಾದ, ಇಎಂಇ ಎಂದು ಕರೆಯಲ್ಪಡುವ ದಳದಲ್ಲಿ ಊಹೆಗೆ ಜಾಗವಿರಲಿಲ್ಲ. ಒಂದನ್ನು ಪರೀಕ್ಷಿಸು, ಸರಿಯಿದ್ದರೆ ಬಿಡು, ಮುಂದಿನದಕ್ಕೆ ಹೋಗು. ಇನ್ನೊಂದು ಶಾಲೆ ರಸ್ತೆ ಬದಿಯ ಗ್ಯಾರೇಜು. ಅಲ್ಲಿಗೆ ಹನ್ನೆರಡು, ಹದಿಮೂರರ ವಯಸ್ಸಿನಲ್ಲಿ ಶಾಲೆ ಬಿಟ್ಟ ಹುಡುಗರು ಬಂದು ಸೇರುತ್ತಿದ್ದರು. ಮೊದಲ ವರ್ಷ ಸ್ಪಾನರ್ ಎತ್ತಿಕೊಡುವುದು, ಚಹಾ ತರುವುದು, ಸೀಮೆಎಣ್ಣೆಯಲ್ಲಿ ಭಾಗಗಳನ್ನು ತೊಳೆಯುವುದು. ಉತ್ತರ ಭಾರತದ ಗ್ಯಾರೇಜುಗಳಲ್ಲಿ ಹಿರಿಯ ಮೆಕ್ಯಾನಿಕ್ಕನ್ನು 'ಉಸ್ತಾದ್' ಎನ್ನುತ್ತಾರೆ. ನಮ್ಮ ಕಡೆಯ ಮುಸ್ಲಿಮರಲ್ಲಿ ಉಸ್ತಾದ್ ಎಂದರೆ ಮದ್ರಸದ ಗುರುಗಳು. ಹಾಗಾಗಿ ಮಲಯಾಳದ ಗಾಳಿ ಬೀಸುವ ಕೊಡಗಿನಲ್ಲಿ ಗ್ಯಾರೇಜಿನ ಗುರು 'ಆಶಾನ್' ಆದರು. ಆ ಗ್ಯಾರೇಜುಗಳಲ್ಲಿ ಕೊಡವ ತಕ್ಕ್, ಮಲಯಾಳ, ಬ್ಯಾರಿ, ಅರೆಭಾಷೆ, ತುಳು, ಕನ್ನಡ ಎಲ್ಲವೂ ಕೇಳಿಸುತ್ತಿದ್ದವು. ಗಾಡಿಯ ಮಾಲಕರು ದೂರು ಹೇಳುತ್ತಿದ್ದುದು ಮಾತ್ರ ರೋಗಿಯ ಭಾಷೆಯಲ್ಲಿ. ಗಾಡಿ ಎಳೆಯುವುದಿಲ್ಲ, ಕೆಮ್ಮುತ್ತದೆ, ಉಸಿರು ಕಟ್ಟುತ್ತದೆ, ಎಣ್ಣೆ ಕುಡಿಯುತ್ತದೆ, ಬೆಳಿಗ್ಗೆ ಏಳುವುದೇ ಇಲ್ಲ. ಆಶಾನ್ ಅದನ್ನು ತನ್ನ ಭಾಷೆಗೆ ಇಳಿಸಿಕೊಳ್ಳುತ್ತಿದ್ದ: ಮಿಸ್ಸಿಂಗ್, ನಾಕಿಂಗ್, ಪಿಕಪ್ ಇಲ್ಲ, ಏರ್ ಲಾಕ್.

ಅವನ ವಿದ್ಯೆಯ ತಿರುಳು ಬಹಳ ಸರಳ. ಪೆಟ್ರೋಲ್ ಎಂಜಿನ್ ಓಡಲು ಸರಿಯಾದ ಪ್ರಮಾಣದಲ್ಲಿ ಗಾಳಿ ಮತ್ತು ಪೆಟ್ರೋಲ್ ಬೇಕು, ಸಿಲಿಂಡರಿನೊಳಗೆ ಒತ್ತಡ ಬೇಕು, ಸರಿಯಾದ ಹೊತ್ತಿಗೆ ಕಿಡಿ ಬೇಕು. ಎಷ್ಟೇ ವಿಚಿತ್ರ ಕಾಯಿಲೆಯಾದರೂ ಇವುಗಳಲ್ಲಿ ಒಂದು ತಪ್ಪಿರಲೇಬೇಕು. ಗಾಡಿ ನಿಂತಿತೆಂದರೆ ಮೊದಲು ಪ್ಲಗ್ಗೊಂದನ್ನು ಬಿಚ್ಚಿ ವಯರಿಗೆ ಸಿಕ್ಕಿಸಿ, ಅದರ ಲೋಹವನ್ನು ಎಂಜಿನ್ನಿಗೆ ತಾಗಿಸಿ ಇಟ್ಟು ಸ್ಟಾರ್ಟ್ ಮಾಡಿಸುವುದು. ನೀಲಿ ಕಿಡಿ ಹಾರಿದರೆ ವಿದ್ಯುತ್ತಿನ ಪಾಳಿ ಮುಗಿಯಿತು, ಪೆಟ್ರೋಲಿನ ಕಡೆ ತಿರುಗಬೇಕು. ಹಾರದಿದ್ದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟ್ ನೋಡಬೇಕು. ಆ ಪಾಯಿಂಟಿನ ಎಡೆ ಸುಮಾರು 0.4 ಮಿಲಿಮೀಟರ್ ಇರಬೇಕು. ಪ್ಲಗ್ಗಿನ ಎಡೆ ಅದಕ್ಕಿಂತ ತುಸು ಹೆಚ್ಚು, 0.6ರ ಆಸುಪಾಸು. ಅಳತೆಯ ಫೀಲರ್ ಗೇಜ್ ಎಲ್ಲರ ಬಳಿಯೂ ಇರುತ್ತಿರಲಿಲ್ಲ. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡಿನ ದಪ್ಪ ಹೆಚ್ಚುಕಡಿಮೆ ಅಷ್ಟೇ ಇರುವುದನ್ನು ಯಾರೋ ಎಂದೋ ಕಂಡುಕೊಂಡಿದ್ದರು. ಮುರಿದ ಬ್ಲೇಡಿನ ತುಂಡೇ ಪ್ಲಗ್ಗಿನ ಅಳತೆಗೋಲಾಯಿತು. ಇದನ್ನು ನಾವು ನಾಟು ವಿದ್ಯೆ ಎಂದು ನಗುತ್ತೇವೆ. ಅಳತೆ ಸರಿಯಿದ್ದ ಮೇಲೆ ನಗುವುದಕ್ಕೇನಿದೆ?

ಬಿಚ್ಚಿದ ಪ್ಲಗ್ಗಿನ ಮೂತಿ ಸಿಲಿಂಡರಿನೊಳಗೆ ನಡೆದುದನ್ನು ತಿಳಿಸುತ್ತಿತ್ತು. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚು, ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ. ಎಣ್ಣೆ ಹಚ್ಚಿದಂತೆ ಒದ್ದೆಯಾಗಿದ್ದರೆ ಪಿಸ್ಟನ್ನಿನ ರಿಂಗ್ ಸವೆದಿದೆ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಎಲ್ಲವೂ ಸರಿ. ಈ ಹೋಲಿಕೆ ಕೊಡಗಿನಲ್ಲಿ ಯಾರಿಗೂ ವಿವರಿಸಬೇಕಾದದ್ದಲ್ಲ. ನಾಲ್ಕು ಸಿಲಿಂಡರುಗಳಲ್ಲಿ ಯಾವುದು ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು ಓಡುತ್ತಿರುವ ಎಂಜಿನ್ನಿನ ಪ್ಲಗ್ ವಯರುಗಳನ್ನು ಒಂದೊಂದಾಗಿ ಎಳೆಯುತ್ತಿದ್ದರು. ವಯರ್ ತೆಗೆದಾಗ ಎಂಜಿನ್ ಇನ್ನಷ್ಟು ತತ್ತರಿಸಿದರೆ ಆ ಸಿಲಿಂಡರ್ ದುಡಿಯುತ್ತಿದೆ ಎಂದರ್ಥ. ತೆಗೆದರೂ ಏನೂ ಬದಲಾಗದಿದ್ದರೆ ಮೈಗಳ್ಳ ಅದೇ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಬೇರಿಂಗಿನ ಸದ್ದು ಕೇಳುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಚಿಕ್ಕಂದಿನಲ್ಲಿ ಬೆರಗಾಗಿ ನೋಡಿರಬಹುದು. ಹಕೀಮರು ನಾಡಿ ಹಿಡಿದಾಗ ಮನೆಯವರೆಲ್ಲ ಸುಮ್ಮನಾಗುವಂತೆ ಅಲ್ಲಿಯೂ ಸುತ್ತ ನಿಂತವರು ಮಾತು ನಿಲ್ಲಿಸುತ್ತಿದ್ದರು.

ಊರಿನ ಹವೆಗೆ ತಕ್ಕಂತೆ ರೋಗಗಳೂ ಇದ್ದವು. ಬೇಸಗೆಯಲ್ಲಿ ಘಾಟಿ ಹತ್ತುವಾಗ ಗಾಡಿ ನಿಧಾನವಾಗಿ ಸಾಗುತ್ತದೆ, ಬಾನೆಟ್ಟಿನೊಳಗೆ ಗಾಳಿಯಾಡುವುದಿಲ್ಲ. ಬಿಸಿಗೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ ಗುಳ್ಳೆಯಾಗುತ್ತದೆ. ದ್ರವವನ್ನು ಎಳೆಯಬೇಕಾದ ಪಂಪು ಗುಳ್ಳೆಯನ್ನು ಹಿಂಡುತ್ತಾ ಕೂರುತ್ತದೆ. ಔಷಧವೆಂದರೆ ಪಂಪಿನ ಮೇಲೊಂದು ಒದ್ದೆ ಗೋಣಿ ತುಂಡು, ಹತ್ತು ನಿಮಿಷದ ತಾಳ್ಮೆ. ಎಷ್ಟೋ ಚಾಲಕರು ಘಾಟಿಗೆ ಮೊದಲೇ ಬಟ್ಟೆ ಸುತ್ತಿಕೊಂಡು ಹೊರಡುತ್ತಿದ್ದರು. ಮಳೆಗಾಲದ್ದು ಬೇರೆಯೇ ರೋಗ. ತೇವ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಸೇರಿ, ಸಾವಿರಾರು ವೋಲ್ಟಿನ ವಿದ್ಯುತ್ತು ಪ್ಲಗ್ಗಿಗೆ ಹೋಗುವ ಬದಲು ಅಡ್ಡದಾರಿ ಹಿಡಿಯುತ್ತಿತ್ತು. ಇದನ್ನು ಹಗಲಿನಲ್ಲಿ ಹುಡುಕುವುದು ಕಷ್ಟ. ಅನುಭವಸ್ಥರು ಕತ್ತಲಾಗುವವರೆಗೆ ಕಾದು, ದೀಪ ಆರಿಸಿ, ಬಾನೆಟ್ ಎತ್ತಿ ಎಂಜಿನ್ ಓಡಿಸುತ್ತಿದ್ದರು. ಸೋರುವ ವಿದ್ಯುತ್ತು ಹಳೆಯ ವಯರುಗಳ ಮೇಲೆ ಮಿಣುಕು ಹುಳುಗಳಂತೆ ಹರಿದಾಡುವುದು ಕಣ್ಣಿಗೇ ಕಾಣುತ್ತಿತ್ತು.

ಈ ವಿದ್ಯೆಗೆ ತೆತ್ತ ಬೆಲೆಯನ್ನೂ ಹೇಳಬೇಕು. ಎಂಜಿನ್ನಿನ ನಾಕಿಂಗ್ ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಬಹುದೆಂದು 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಕಂಡುಹಿಡಿದ. ಎರಡೇ ವರ್ಷದಲ್ಲಿ ಅವನೇ ಸೀಸದ ವಿಷದಿಂದ ಕಾಯಿಲೆ ಬಿದ್ದ. ಆದರೂ ಆ ಪೆಟ್ರೋಲ್ ಜಗತ್ತಿಡೀ ಹರಡಿತು. ಅದನ್ನು ಕೊನೆಯದಾಗಿ ಅಲ್ಜೀರಿಯ ಕೈಬಿಟ್ಟದ್ದು 2021ರಲ್ಲಿ. ನಮ್ಮ ದೇಶದಲ್ಲಿ ಅದು ಪೂರ್ತಿ ನಿಂತದ್ದು 2000ದ ಫೆಬ್ರವರಿ 1ರಂದು. ಅಲ್ಲಿಯವರೆಗೆ ನಮ್ಮ ಗ್ಯಾರೇಜಿನ ಹುಡುಗರು ಟ್ಯಾಂಕಿನಿಂದ ಪೆಟ್ರೋಲ್ ತೆಗೆಯಲು ರಬ್ಬರ್ ಪೈಪನ್ನು ಬಾಯಲ್ಲಿಟ್ಟು ಎಳೆದರು, ಕಾರ್ಬುರೇಟರಿನ ಜೆಟ್ಟನ್ನು ಬಾಯಿಯಿಂದಲೇ ಊದಿದರು, ಅದೇ ಪೆಟ್ರೋಲಿನಲ್ಲಿ ಕೈ ತೊಳೆದರು. ಸೀಸದ ಆ ಸಂಯುಕ್ತ ಚರ್ಮದ ಮೂಲಕವೂ ದೇಹ ಸೇರುತ್ತದೆ ಎಂದು ಅವರಿಗೆ ಹೇಳಿದವರಿರಲಿಲ್ಲ.

ಡೀಸೆಲ್ಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಿಡಿಯೇ ಇಲ್ಲದ ಎಂಜಿನ್ನಿನಲ್ಲಿ ಹೊಗೆಯೇ ಸಾಕ್ಷಿ. ಕಪ್ಪಾದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಗಿದೆ, ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಸೇರಿದೆ ಅಥವಾ ಡೀಸೆಲ್ ಉರಿಯದೆ ಹೊರಬರುತ್ತಿದೆ. ಪೈಪಿನಲ್ಲಿ ಗಾಳಿ ಹೊಕ್ಕರೆ ನಟ್ಟು ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಪಂಪು ಒತ್ತಬೇಕು. ತೋಟದ ಜೀಪಿನ ಚಾಲಕರಿಗೆ ಇದು ಗ್ಯಾರೇಜಿನ ಹಂಗಿಲ್ಲದೆಯೇ ಗೊತ್ತಿತ್ತು.

ಸೀಸ ಹೋದ ಕಾಲದಲ್ಲೇ ಕಾರ್ಬುರೇಟರಿನ ಕಾಲವೂ ಮುಗಿಯುತ್ತಾ ಬಂತು. ಹೊಗೆಯ ನಿಯಮಗಳು ಬಿಗಿಯಾದಂತೆ ಕಾರುಗಳಿಗೆ ಎಂಪಿಎಫ್‌ಐ ಬಂತು. ಇಂಜೆಕ್ಟರುಗಳು ಪೆಟ್ರೋಲ್ ಚಿಮುಕಿಸತೊಡಗಿದವು, ಎಷ್ಟು ಚಿಮುಕಿಸಬೇಕೆಂದು ಕಂಪ್ಯೂಟರು ನಿರ್ಧರಿಸತೊಡಗಿತು. ಬೆಟ್ಟದ ತೆಳು ಗಾಳಿಯನ್ನು ಸೆನ್ಸರ್ ಅಳೆದು ಹೇಳುವುದರಿಂದ ಘಾಟಿಯ ಹಳೆಯ ಕಾಯಿಲೆ ಬಹುಮಟ್ಟಿಗೆ ವಾಸಿಯಾಯಿತು. ಒದ್ದೆ ಗೋಣಿಯ ಅಗತ್ಯವೂ ತಪ್ಪಿತು. ಇದು ದೊಡ್ಡ ಉಪಕಾರವೆಂಬುದನ್ನು ಹಳೆಯ ಕಾಲದ ಹಂಬಲದಲ್ಲಿ ನಾವು ಮರೆಯಬಾರದು. ಅಮೆರಿಕದಲ್ಲಿ 1996ರ ಮಾದರಿಯಿಂದ ಎಲ್ಲ ಕಾರುಗಳಿಗೂ ಕಡ್ಡಾಯವಾದ, ತನ್ನ ದೋಷವನ್ನು ತಾನೇ ದಾಖಲಿಸಿಕೊಳ್ಳುವ ಒಬಿಡಿ ವ್ಯವಸ್ಥೆಯ ಮೊದಲ ಹಂತ ನಮ್ಮಲ್ಲಿ 2010ರಲ್ಲಿ ಬಿಎಸ್ 4 ನಿಯಮದೊಂದಿಗೆ ಬಂತು. ಎರಡನೇ ಹಂತ 2013ರಲ್ಲಿ. ಅಂದಿನಿಂದ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ. ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿದರೆ ಪಿ ಅಕ್ಷರದ ಜೊತೆಗೆ ನಾಲ್ಕು ಅಂಕಿಗಳ ಸಂಕೇತವೊಂದು ಬರುತ್ತದೆ. ಪಿ 0301 ಎಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್. ವಯರ್ ಎಳೆದು ನೋಡುವ ಕೆಲಸವನ್ನು ಈಗ ಕಂಪ್ಯೂಟರೇ ಮಾಡುತ್ತದೆ.

ಆದರೆ ಅದು ಅಷ್ಟನ್ನೇ ಮಾಡುತ್ತದೆ. ನಮ್ಮ ಮನೆಯ ಕಾರಿಗೆ ಒಮ್ಮೆ ಆದದ್ದನ್ನೇ ಹೇಳುತ್ತೇವೆ. ಚೆಟ್ಟಳ್ಳಿಯ ಏರಿನಲ್ಲಿ ಕಾರು ಎಳೆಯಲೊಲ್ಲದು. ನಿಂತಲ್ಲಿ ಎಂಜಿನ್ ಏರುಪೇರಾಗಿ ಓಡುತ್ತದೆ. ಹಳದಿ ದೀಪ ಆರುವುದಿಲ್ಲ. ಪೇಟೆಯ ದೊಡ್ಡ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿದರು. ಪಿ 0171 ಎಂದು ಬಂತು, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಆ ದೂರನ್ನು ಒಯ್ದು ಮುಟ್ಟಿಸಿದ್ದು ಆಕ್ಸಿಜನ್ ಸೆನ್ಸರ್. ಅವರು ಅದನ್ನೇ ಬದಲಿಸಿ ಸಾವಿರಾರು ರೂಪಾಯಿಯ ಬಿಲ್ಲು ಕೊಟ್ಟರು. ವಾರ ಕಳೆಯುವಷ್ಟರಲ್ಲಿ ದೀಪ ಮತ್ತೆ ಹೊತ್ತಿತು. ಕೊನೆಗೆ ಊರಿನ ವಯಸ್ಸಾದ ಮೆಕ್ಯಾನಿಕ್ಕೊಬ್ಬರು ಎಂಜಿನ್ ಓಡುತ್ತಿರುವಂತೆಯೇ ಕಾರ್ಬುರೇಟರ್ ತೊಳೆಯುವ ಸ್ಪ್ರೇಯನ್ನು ರಬ್ಬರ್ ಪೈಪುಗಳ ಮೇಲೆ ಸ್ವಲ್ಪ ಸ್ವಲ್ಪವೇ ಚಿಮುಕಿಸುತ್ತಾ ಬಂದರು. ಒಂದು ಜಾಗದಲ್ಲಿ ಎಂಜಿನ್ನಿನ ಸದ್ದು ತಟ್ಟನೆ ಬದಲಾಯಿತು. ಬಗ್ಗಿ ನೋಡಿದರೆ ವ್ಯಾಕ್ಯೂಮ್ ಪೈಪಿನ ಅಡಿಭಾಗವನ್ನು ಇಲಿ ಕಡಿದಿತ್ತು. ಸೆನ್ಸರ್ ಲೆಕ್ಕ ಹಾಕದ ಗಾಳಿ ಆ ತೂತಿನಿಂದ ಒಳಗೆ ನುಗ್ಗುತ್ತಿತ್ತು. ಗೇಣುದ್ದದ ಪೈಪಿಗೆ ಅವರು ತೆಗೆದುಕೊಂಡದ್ದು ಚಹಾ ಖರ್ಚಿನಷ್ಟು ಹಣ. ತೋಟದ ಮನೆಗಳ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರಿಗೆ ಇಲಿಯ ಈ ಕಾಟ ಹೊಸದೇನಲ್ಲ. ಯಾವ ಸಂಕೇತಪಟ್ಟಿಯಲ್ಲೂ 'ಇಲಿ' ಎಂಬ ಅಂಕಿ ಇಲ್ಲ, ಅಷ್ಟೆ.

ಸಂಕೇತ ತೋರಿಸುವುದು ದೂರು ಎಲ್ಲಿ ಕೇಳಿಸಿತು ಎಂಬುದನ್ನು. ತಪ್ಪು ಯಾರದ್ದು ಎಂಬುದನ್ನು ಹಳೆಯ ಕ್ರಮದಲ್ಲೇ, ಒಂದೊಂದನ್ನೇ ಪರೀಕ್ಷಿಸಿ ಬಿಡುತ್ತಾ ಹುಡುಕಬೇಕು. ನಾವು ಕಂಡಂತೆ ಇಂದಿನ ಅನೇಕ ವರ್ಕ್‌ಶಾಪುಗಳಲ್ಲಿ ಸ್ಕ್ಯಾನರ್ ಇದೆ, ಈ ತಾಳ್ಮೆ ಇಲ್ಲ. ಹಳ್ಳಿಯ ಗ್ಯಾರೇಜಿನಲ್ಲಿ ತಾಳ್ಮೆಯಿದೆ, ಆದರೆ ಅದರ ಕೈಗೆ ಬೇಕಾದ ಉಪಕರಣ ಸಿಗುವುದಿಲ್ಲ. ಸಿಗದಂತೆ ಮಾಡಲಾಗಿತ್ತು ಎಂಬುದು ಬರೀ ಆರೋಪವಲ್ಲ. 2011ರಲ್ಲಿ ಗ್ರಾಹಕರೊಬ್ಬರು ಕೊಟ್ಟ ದೂರಿನಿಂದ ಆರಂಭವಾದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪೆನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಬಿಡಿಭಾಗಗಳು, ದುರಸ್ತಿಯ ಕೈಪಿಡಿ, ದೋಷ ಪತ್ತೆಯ ಉಪಕರಣ ಇವು ಸ್ವತಂತ್ರ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದಂತೆ ಕಂಪೆನಿಗಳು ನೋಡಿಕೊಂಡಿವೆ ಎಂಬುದು ಆಯೋಗದ ತೀರ್ಮಾನವಾಗಿತ್ತು. ಕಂಪೆನಿಗಳು ಮೇಲ್ಮನವಿಗೆ ಹೋದವು, ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ದುರಸ್ತಿಯ ಹಕ್ಕಿನ ಹೆಸರಿನಲ್ಲಿ ಪೋರ್ಟಲ್ ತೆರೆದು ವಾಹನಗಳನ್ನೂ ಅದರಲ್ಲಿ ಸೇರಿಸಿತು. ಈ ನಡುವೆ ರಸ್ತೆ ಬದಿಯ ಹುಡುಗರು ಸಾವಿರ, ಎರಡು ಸಾವಿರ ರೂಪಾಯಿಯ ಅಗ್ಗದ ಸ್ಕ್ಯಾನರ್ ಕೊಂಡು ಫೋನಿಗೆ ಜೋಡಿಸಿಕೊಂಡಿದ್ದಾರೆ. ಅದು ಸಾಮಾನ್ಯ ಸಂಕೇತಗಳನ್ನು ಓದುತ್ತದೆ. ಕಂಪೆನಿಯ ಸ್ವಂತ ಸಂಕೇತಗಳ ಮುಂದೆ, ಹೊಸ ಕೀಲಿಯನ್ನೋ ಕಂಪ್ಯೂಟರನ್ನೋ ಕಾರಿಗೆ ಒಗ್ಗಿಸುವ ಕೆಲಸದ ಮುಂದೆ ಹೆಚ್ಚಾಗಿ ಕೈಚೆಲ್ಲುತ್ತದೆ. ಆಗ ಗಿರಾಕಿ ಘಾಟಿ ಇಳಿದು ಮಂಗಳೂರಿಗೋ, ಇಲ್ಲವಾದರೆ ಮೈಸೂರಿಗೋ ಹೋಗಬೇಕು.

ಊರಿನ ಮೆಕ್ಯಾನಿಕ್ ಹತ್ತಿರವಿರುವುದರ ಬೆಲೆ ಕೊಡಗಿಗೆ ಪ್ರವಾಹದಲ್ಲಿ ಗೊತ್ತಾಗುವಂತಿತ್ತು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಮಡಿಕೇರಿ-ಮಂಗಳೂರು ರಸ್ತೆಯೇ ಕಡಿಯಿತು. ಮರುವರ್ಷ ಅದೇ ತಿಂಗಳು ಕಾವೇರಿ ಉಕ್ಕಿ ಸಿದ್ದಾಪುರದ ಕರಡಿಗೋಡು, ನೆಲ್ಯಹುದಿಕೇರಿಯ ಮನೆಗಳಿಗೆ ನುಗ್ಗಿತು. ಮುಳುಗಿದ ಕಾರಿನ ವಿಷಯದಲ್ಲಿ ದುರಂತ ಹೆಚ್ಚಾಗಿ ಆಗುವುದು ನೀರು ಇಳಿದ ಮೇಲೆ, ಮಾಲಕ ಆತುರದಿಂದ ಕೀಲಿ ತಿರುಗಿಸಿದಾಗ. ಗಾಳಿಯಂತೆ ನೀರನ್ನು ಒತ್ತಿ ಕುಗ್ಗಿಸಲಾಗದು. ಸಿಲಿಂಡರಿನಲ್ಲಿ ನೀರಿದ್ದರೆ ಮೇಲೇರುವ ಪಿಸ್ಟನ್ ಗೋಡೆಗೆ ಗುದ್ದಿದಂತಾಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ಯಾಟರಿ ಕಳಚಬೇಕು, ಪ್ಲಗ್ಗುಗಳನ್ನೆಲ್ಲ ಬಿಚ್ಚಬೇಕು, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರನ್ನು ಹೊರಹಾಕಬೇಕು, ಆಯಿಲ್ ಬದಲಿಸಬೇಕು, ಆಮೇಲಷ್ಟೇ ಕೀಲಿ. 'ಸ್ಟಾರ್ಟ್ ಮಾಡಬೇಡಿ' ಎಂದು ಸಕಾಲದಲ್ಲಿ ಹೇಳುವವನೊಬ್ಬ ಪಕ್ಕದಲ್ಲಿದ್ದರೆ ಒಂದು ಎಂಜಿನ್ನಿನ ಬೆಲೆ ಉಳಿಯುತ್ತದೆ.

ಈಗ ಹೊಸ ರೋಗವೊಂದು ಬಂದಿದೆ, ಅದು ಪೆಟ್ರೋಲಿನ ಜೊತೆಗೇ ಬಂದದ್ದು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಪ್ರಧಾನಿ ಚಾಲನೆ ಕೊಟ್ಟ, ನೂರಕ್ಕೆ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ 2025ರ ಹೊತ್ತಿಗೆ ದೇಶದ ಬಂಕುಗಳ ಸಾಮಾನ್ಯ ಪೆಟ್ರೋಲೇ ಆಗಿಬಿಟ್ಟಿತು. ಎಥನಾಲ್ ಇಲ್ಲದ ಪೆಟ್ರೋಲನ್ನೂ ಆಯ್ಕೆಗೆ ಇಡಬೇಕೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಕಬ್ಬು, ಜೋಳ ಬೆಳೆಯುವವರಿಗೆ ಇದರಿಂದ ಲಾಭವಿದೆ, ಆಮದು ಕಡಿಮೆಯಾಗುತ್ತದೆ ಎಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ನೀತಿ ಆಯೋಗದ 2021ರ ವರದಿಯೇ ಹಳೆಯ ವಿನ್ಯಾಸದ ನಾಲ್ಕು ಚಕ್ರದ ವಾಹನಗಳ ಮೈಲೇಜು ನೂರಕ್ಕೆ 6-7ರಷ್ಟು ಕುಸಿಯಬಹುದೆಂದು ಅಂದಾಜಿಸಿತ್ತು. ಕೊಡಗಿನ ಶೆಡ್ಡುಗಳಲ್ಲಿ ಉಳಿದಿರುವ ಹಳೆಯ ಪೆಟ್ರೋಲ್ ಜೀಪು, ಕಾರ್ಬುರೇಟರ್ ಮಾರುತಿಗಳಿಗೆ ಇನ್ನೂ ಎರಡು ತೊಂದರೆಗಳಿವೆ. ಒಂದು, ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತಿರುವುದರಿಂದ ಮಿಶ್ರಣ ತೆಳುವಾಗುತ್ತದೆ, ಕಾರ್ಬುರೇಟರಿಗೆ ಅದನ್ನು ಸರಿದೂಗಿಸಲು ತಿಳಿಯದು. ತಮಾಷೆಯೆಂದರೆ ಎತ್ತರದ ಜಾಗದಲ್ಲಿ ಇದರಿಂದ ತುಸು ಉಪಕಾರವೇ ಆಗಬಹುದು. ಗಾಳಿ ತೆಳುವಾಗಿ ಪೆಟ್ರೋಲ್ ಹೆಚ್ಚಾಗುವ ಹಳೆಯ ದೋಷವನ್ನು ಈ ಹೊಸ ದೋಷ ಕೊಂಚ ಸರಿಮಾಡುತ್ತದೆ. ಎರಡನೆಯದು ನೀರು. ಎಥನಾಲ್ ತೇವವನ್ನು ಹೀರುತ್ತದೆ. ಜೂನ್‌ನಲ್ಲಿ ಅರ್ಧ ಟ್ಯಾಂಕಿನೊಂದಿಗೆ ನಿಲ್ಲಿಸಿದ ಜೀಪಿನ ಟ್ಯಾಂಕಿನೊಳಗೆ ಮಳೆಗಾಲವಿಡೀ ತೇವ ಸೇರುತ್ತದೆ. ಒಂದು ಮಿತಿ ದಾಟಿದರೆ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಪೆಟ್ರೋಲ್ ಪೈಪಿನ ಬಾಯಿ ಇರುವುದೂ ತಳದಲ್ಲೇ.

ಇದನ್ನು ಪತ್ತೆಹಚ್ಚಲು ಸ್ಕ್ಯಾನರ್ ಬೇಕಿಲ್ಲ, ಆ ಜೀಪುಗಳಿಗೆ ಸ್ಕ್ಯಾನರಿನ ಸಾಕೆಟ್ಟೇ ಇಲ್ಲ. ಅಳತೆಯ ಗೆರೆಗಳಿರುವ ಉದ್ದನೆಯ ಗಾಜಿನ ಕೊಳವೆಯೊಂದು ಸಾಕು. ಅದರಲ್ಲಿ 100 ಮಿಲಿಲೀಟರ್ ಪೆಟ್ರೋಲಿಗೆ 10 ಮಿಲಿಲೀಟರ್ ನೀರು ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಿ, ಕದಲದಂತೆ ಇಡಬೇಕು. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಸಂಗ ಸೇರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಎರಡು ಪದರಗಳು ಕಾಣುತ್ತವೆ. ಕೆಳಗಿನ ಪದರ ಹತ್ತರ ಗೆರೆಯಲ್ಲೇ ನಿಂತರೆ ಪೆಟ್ರೋಲಿನಲ್ಲಿ ಎಥನಾಲ್ ಇಲ್ಲ. ಮೂವತ್ತರ ಸಮೀಪಕ್ಕೆ ಏರಿದ್ದರೆ ಬಂಕಿನಿಂದ ಬಂದದ್ದು ಏನು ಎಂದು ಗೊತ್ತಾಯಿತು. ಟ್ಯಾಂಕಿನ ತಳದಿಂದ ತೆಗೆದ ಪೆಟ್ರೋಲು ನೀರು ಹಾಕುವ ಮೊದಲೇ ಎರಡು ಪದರವಾಗಿ ನಿಂತಿದ್ದರೆ, ಕಾರ್ಬುರೇಟರ್ ಬಿಚ್ಚುವ ಮುನ್ನ ಟ್ಯಾಂಕ್ ಇಳಿಸಬೇಕು.